ಸೊಪ್ಪಿಡದ ಬಂಡೆ

ಜೋಜಿಪಾಳ್ಯದ ಚರ್ಚಿನ ಹಿಂದೆ, ಹಿಪ್ಪುನೇರಳೆ ತೋಟ ದಾಟಿದರೆ, ಆನೆ ಮಲಗಿದಂತಿರುವ ಒಂದು ಕರೀ ಬಂಡೆಯಿದೆ. ಮೇಲೊಂದು ಶಿಲುಬೆ ಇದೆ. ಆದರೆ ಮೇಣದಬತ್ತಿಯ ಒಂದು ಹನಿಯಿಲ್ಲ, ಹೂವಿನ ಎಸಳಿಲ್ಲ. ಪೇಟೆಯವರು ಹಾರ ಹಿಡಿದು ಹತ್ತಲು ಹೋದರೆ ದನ ಮೇಯಿಸುವವರೇ ತಡೆದು, ಅದನ್ನೆಲ್ಲ ಕೆಳಗಿಟ್ಟು ಬರಿಗೈಲಿ ಹೋಗಿ ಎನ್ನುತ್ತಾರೆ. ಇದಕ್ಕೆ ಸೊಪ್ಪಿಡದ ಬಂಡೆ ಎಂದು ಹೆಸರು. ಹೆಸರು ಬಂದದ್ದು ಸವೇರಮ್ಮನಿಂದ. ಅವಳ ಕಡೆಯವರು ಈಗಲೂ ಊರಲ್ಲಿದ್ದಾರೆ, ಈ ಮಾತೆತ್ತಿದರೆ ಮುಖ ಗಂಟಿಕ್ಕುತ್ತಾರೆ. ಗಂಟಿಕ್ಕಲಿ, ನಡೆದದ್ದು ನಡೆದದ್ದೇ.

ಹಿಂದೆ, ಚರ್ಚಿಗೆ ಇನ್ನೂ ಹುಲ್ಲಿನ ಸೂರಿದ್ದ ಕಾಲದಲ್ಲಿ, ವಿಧವೆ ಸವೇರಮ್ಮ ರೇಷ್ಮೆಹುಳ ಸಾಕಿಕೊಂಡು ಒಬ್ಬಳೇ ಮಗಳು ತೆರೇಜಳನ್ನು ಬೆಳೆಸಿದ್ದಳಂತೆ. ಮಗಳಿಗೆ ಹೊಳೆಯಾಚೆಯ ಗಂಡು ಗೊತ್ತಾಯಿತು. ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಗಂಡುಹೆಣ್ಣಿನ ಹೆಸರು ಕೂಗಿ, ಅಡ್ಡಿಯಿದ್ದವರು ಹೇಳಿ ಎಂದು ಕೇಳುವುದು ನಮ್ಮವರ ಪದ್ಧತಿ. ಮೂರನೇ ಭಾನುವಾರ ಹಿಂದಿನ ಸಾಲಿನಿಂದ, ಕಂಕುಳಲ್ಲಿ ಕೂಸು ಹೊತ್ತ ಹೆಂಗಸೊಬ್ಬಳು ಎದ್ದು, "ಸ್ವಾಮಿ, ನೀವೀಗ ಕೂಗಿದ್ದು ಈ ಕೂಸಿನ ಅಪ್ಪನ ಹೆಸರು" ಎಂದಳು. ಜಪಸರ ಎಣಿಸುತ್ತಿದ್ದ ಮುದುಕಿಯರ ಬೆರಳು ಕೂಡ ನಿಂತುಹೋಯಿತು. ಮದುವೆ ಅಲ್ಲಿಗೇ ಮುರಿಯಿತು. ಅದಕ್ಕಿಂತ ದೊಡ್ಡ ಸುದ್ದಿ ಸಂಜೆಗೆ ಹೊರಬಿತ್ತು: ಸವೇರಮ್ಮನಿಗೆ ಇದು ಮೊದಲೇ ಗೊತ್ತಿತ್ತು. ಗಂಡಿನವರ ನೀರಾವರಿ ತೋಟ ನೋಡಿ, ಕೊರಳಿಗೆ ತಾಳಿ ಬಿದ್ದರೆ ಎಲ್ಲ ಸರಿಹೋಗುತ್ತದೆಂದು ಬಾಯಿ ಹೊಲಿದುಕೊಂಡಿದ್ದಳು.

ತೆರೇಜ ಜಗಳವಾಡಲಿಲ್ಲ, ಅಳಲಿಲ್ಲ. ಮರುದಿನ ಬಂಡೆ ಹತ್ತಿ, ಆಕಾಶದ ಕಡೆ ತಲೆ ಎತ್ತಿ ಕೂತುಬಿಟ್ಟಳು. ಬಂಡೆಯ ಹೊಂಡದ ನೀರು ಬಿಟ್ಟರೆ ಬೇರೇನೂ ಮುಟ್ಟಲಿಲ್ಲ. ಸವೇರಮ್ಮ ಗಂಜಿ ಹೊತ್ತು ಹತ್ತಿದಳು, ಹೂ ಹೊತ್ತಳು, ತೀರ್ಥ ಚಿಮುಕಿಸಿದಳು, ದೇವಮಾತೆಗೆ ಮೇಣದಬತ್ತಿ ಹರಕೆ ಹೊತ್ತಳು. ಕ್ಷಮಿಸದವರಿಗೆ ಮೋಕ್ಷವಿಲ್ಲವೆಂದು ಚರ್ಚಿನ ಉಪದೇಶಿಯ ಕೈಲಿ ಮಗಳ ಕಿವಿಯಲ್ಲಿ ಹೇಳಿಸಿದಳು. ತಪ್ಪು ಮಾಡಿದ್ದು ತಾಯಿ, ಕ್ಷಮೆಯ ಪಾಠ ಮಗಳಿಗೆ. ಆರನೇ ದಿನ ಬಾಯಿಗೆ ಬೆರಳು ತುರುಕಿ ಗಂಜಿ ಹುಯ್ದಾಗ ಮಗಳ ತುಟಿ ಹರಿದು ರಕ್ತ ಬಂತು, ಗಂಜಿ ಎದೆಯ ಮೇಲೆ ಹರಿದುಹೋಯಿತು.

ಸೋತು ಮನೆಗೆ ಬಂದರೆ ಅಲ್ಲಿ ಹುಳಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳ ಚರ್ಮ ಕಳಚುವ ಹೊತ್ತನ್ನು ಜ್ವರ ಎನ್ನುತ್ತಾರೆ. ಆಗ ಅದು ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಕೂತ ಹುಳಕ್ಕೆ ಸೊಪ್ಪಿಡಬಾರದೆಂದು ನಮ್ಮಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಆದರೆ ತಟ್ಟೆ ತಟ್ಟೆಯಲ್ಲೂ ಎತ್ತಿದ ಆ ತಲೆಗಳನ್ನು ಕಂಡು ಸವೇರಮ್ಮನಿಗೆ ಏನಾಯಿತೋ, "ನೀವೂ ತಿನ್ನಲ್ವಾ" ಎನ್ನುತ್ತ ಕುಕ್ಕೆಗಟ್ಟಲೆ ಸೊಪ್ಪು ಸುರಿದಳು. ಎರಡು ದಿನಕ್ಕೆ ಸೊಪ್ಪು ಬೆವೆತು, ಹುಳ ಕಪ್ಪಾಗಿ ಕೊಳೆತು, ನಾತ ಬೀದಿಗೆ ಬಂತು. ಪಕ್ಕದ ಮನೆಯ ಸೂಲಗಿತ್ತಿ ಮದಲೇನಮ್ಮ ಮೂಗಿಗೆ ಸೆರಗು ಹಿಡಿದು ಬಂದಳು.

"ಏನೇ ಸವೇರಿ, ಮೂವತ್ತು ವರ್ಷ ಹುಳ ಸಾಕಿದ ಕೈ ಇದೇನಾ?"

"ತಿನ್ನದೆ ಸತ್ತೋಗ್ತದೆ ಅನ್ನಿಸ್ತು ಕಣಕ್ಕ."

"ಹುಳದ ಮಾತೋ, ಮಗಳ ಮಾತೋ? ತಲೆ ಎತ್ತಿ ಕೂತದ್ದನ್ನ ದೇವರು ನೋಡ್ಕೋತಾನೆ. ಒಳಗೆ ಚರ್ಮ ಬೆಳೀತಿರ್ತದೆ, ನಿನ್ನ ಕಣ್ಣಿಗೆ ಕಾಣಲ್ಲ. ನಿನ್ನ ಕೆಲಸ ಕೈ ಕಟ್ಟಿ ಕಾಯೋದು. ಅದೊಂದು ನಿನಗೆ ಬರಲ್ಲ."

ಸವೇರಮ್ಮ ಬರಿಗೈಲಿ ಬಂಡೆ ಹತ್ತಿದಳು. ಮೊಳ ದೂರದಲ್ಲಿ ಕೂತು, "ನನಗೆ ಗೊತ್ತಿತ್ತು ಕಣವ್ವ, ಗೊತ್ತಿದ್ದೂ ಮುಚ್ಚಿಟ್ಟೆ" ಎಂದಳು. ಕ್ಷಮಿಸು ಎನ್ನಲಿಲ್ಲ, ತಿನ್ನು ಎನ್ನಲಿಲ್ಲ. ಪ್ರಾರ್ಥನೆಗೂ ಬಾಯಿ ಬರಲಿಲ್ಲ. ಕಾದ ಕಲ್ಲು ತೊಡೆ ಸುಡುತ್ತಿದ್ದರೂ ಕದಲದೆ, ಮಗಳ ಎದೆ ಏರಿಳಿಯುವುದನ್ನೇ ನೋಡುತ್ತ, ಪ್ರತಿ ಉಸಿರೂ ಕೊನೆಯದೇನೋ ಎಂದು ಎಣಿಸುತ್ತ ಕೂತಳು. ಮರುದಿನ ಬೆಳಗಾಗುವಾಗ ತೆರೇಜಳ ತಲೆ ಮೆಲ್ಲಗೆ ಇಳಿಯಿತು. ಸತ್ತೇಹೋದಳು ಎಂದುಕೊಂಡಳು ತಾಯಿ. ಆದರೂ ಕೈ ಚಾಚಲಿಲ್ಲ. ಮಗಳು ಅವಳ ಮಡಿಲನ್ನು ನೋಡಿದಳು.

"ಏನೂ ತಂದಿಲ್ವಾ?"

"ಇಲ್ಲ ಕಣವ್ವ."

"ಹಂಗಾದ್ರೆ ಮನೆಗೆ ಹೋಗಾನ. ಹಸಿವಾಗ್ತದೆ."

ಮಗಳು ಕ್ಷಮಿಸಿದಳೋ ಇಲ್ಲವೋ, ಜೋಜಿಪಾಳ್ಯದಲ್ಲಿ ಊರಿಗೆ ತಿಳಿಯದೆ ಉಳಿದದ್ದು ಅದೊಂದೇ. ಇಂದಿಗೂ ಶಿಲುಬೆಯ ಬಳಿ, ಒಂದಕ್ಕೊಂದು ಮೊಳ ದೂರದಲ್ಲಿ, ಕೂತು ಕೂತು ಸವೆದ ಎರಡು ಗುಳಿಗಳು ಕಾಣುತ್ತವೆ. ದೇವರು ಮಾತಾಡುತ್ತಿಲ್ಲವೆಂದು ಎದೆ ಒಣಗಿದವರು ಒಂದರಲ್ಲಿ ಬಂದು ಕೂರುತ್ತಾರೆ. ಅವರ ಕಡೆಯವರು ಇನ್ನೊಂದರಲ್ಲಿ, ತುಟಿ ಬಿಚ್ಚದೆ. ಬಂಡೆಯ ಬುಡದಲ್ಲಿ, ಇಳಿದು ಬಂದವರಿಗೆಂದು, ತಟ್ಟೆ ಮುಚ್ಚಿದ ಗಂಜಿಯ ಮಡಕೆಯೊಂದು ಸದಾ ಇರುತ್ತದೆ. ಅದನ್ನು ಯಾರೂ ಮೇಲಕ್ಕೆ ಒಯ್ಯುವುದಿಲ್ಲ.