ಕೌದಿ ಹೊತ್ತು ಗಡಿ ದಾಟಿದ ಮುರಿಗೆಪ್ಪ

ಹೂಂ ಅನ್ನೋರು ಯಾರರ ಒಬ್ಬರು ಮುಂದ ಬಂದು ಕೂಡ್ರಿ. ಹೂಂ ಇಲ್ಲದ ನನಗ ಕತಿ ಹೇಳಾಕ ಬರೂದಿಲ್ಲ.

ಅಥಣಿ ಕಡೆ ಒಂದೂರಾಗ ನಿಂಬೆವ್ವ ಅಂತ ಒಬ್ಬಾಕಿ ಇದ್ಲು. ಮಗಳು ಶಾವಂತ್ರಿ ಭಾಳ ಚುರುಕು, ಆಕಿನ್ನ ಗಡಿ ಆಚೆ ಮಿರಜಿಗೆ ಕೊಟ್ಟಿದ್ಲು. ಮಗ ಮುರಿಗೆಪ್ಪ. ಅವನ ಸುದ್ದಿ ಏನ್ ಕೇಳ್ತೀರಿ? ಮೀಸಿ ಬಂದಿದ್ದುವು, ಬುದ್ಧಿ ಇನ್ನೂ ದಾರಿಯಾಗಿತ್ತು. ಹೇಳಿದ್ದು ಮಾಡ್ತಿದ್ದ, ಅದರಾಗ ಎರಡು ಮಾತಿಲ್ಲ. ಹೇಳಿದಷ್ಟ ಮಾಡ್ತಿದ್ದ, ತ್ರಾಸು ಇದ್ದದ್ದು ಅಲ್ಲೇ.

ಶಾವಂತ್ರಿಗೆ ದಿನ ತುಂಬಿತ್ತು. ಚೊಚ್ಚಲ ಬಾಣಂತನ ತವರಿನ್ಯಾಗ ಆಗಬೇಕು, ಆದ್ರ ಡಾಕ್ಟರು ಪ್ರಯಾಣ ಬ್ಯಾಡ ಅಂದುಬಿಟ್ರು. ಒಂದಿನ ಮುಂಜಾನೆ ಫೋನ್ ಬಂತು, ಬ್ಯಾನಿ ಸುರು ಆಗ್ಯಾವ ಅಂತ. ನಿಂಬೆವ್ವನ ಜೀವ ನಿಂತಲ್ಲಿ ನಿಲ್ಲಲಿಲ್ಲ. ಹುಟ್ಟಿದ ಕೂಸಿಗೆ ಮೊದಲ ಅರಿವಿ ಅಜ್ಜಿ ಹಳೇ ಸೀರೀದ ಆಗಬೇಕು ಅನ್ನೂದು ಅವರ ಮನಿತನದ ಪದ್ಧತಿ. ಅದಕ್ಕಂತ ತನ್ನ ಸೀರಿ ಹರಿದು ಕೌದಿ ಹೊಲಿದು ಇಟ್ಟಿದ್ಲು. ಕೂಸು ಬರೂದರೊಳಗ ಕೌದಿ ಮುಟ್ಟಬೇಕು. ಬೆನ್ನಿಗೆ ಹಾಕೂ ದೊಡ್ಡ ಚೀಲದಾಗ ಅದನ್ನ ತುರುಕಿ, ಮಗನ ಹೆಗಲಿಗೆ ಏರಿಸಿ ಹೊಂಟ್ಲು.

ಬಸ್ ಸ್ಟ್ಯಾಂಡಿನ್ಯಾಗ ಜಾತ್ರಿಯಂಥಾ ಮಂದಿ.

"ಯಪ್ಪಾ, ನಾ ಬಾಳೆಹಣ್ಣು ತರ್ತೀನಿ. ಬಸ್ ಬಂದ ಕೂಡ್ಲೆ ಕಿಡಕಿಯಾಗಿಂದ ಟವೆಲ್ ಒಗದು ಸೀಟ್ ಹಿಡಿ."

ಬಸ್ ಬಂತು. ಮುರಿಗೆಪ್ಪ ಟವೆಲ್ ಒಗದ. ಬಂದು ಕಂಬಕ್ಕ ಆತು ನಿಂತ. ಬಸ್ ಹೋತು. ನಿಂಬೆವ್ವ ಓಡಿ ಬಂದ್ಲು.

"ಬಸ್ ಎಲ್ಲೋ?"

"ಹೋತು."

"ಸೀಟ್?"

"ಹಿಡದೇನಲ್ಲ. ಟವೆಲ್ ಕುಂತೈತಿ."

ನಿಂಬೆವ್ವ ಹಣಿ ಹಣಿ ಬಡಕೊಂಡ್ಲು. "ನಿನ್ನ ಹಡದ ಹೊಟ್ಟಿಗೆ ಬೆಂಕಿ ಹಚ್ಚ! ಸಾಮಾನು ಎಲ್ಲಿ ಹೋಗತೈತೋ ನೀನೂ ಅಲ್ಲೇ ಹೋಗಬೇಕು. ಅದರ ಬೆನ್ನು ಬಿಡಬಾರದು."

"ಹೂಂ ಯವ್ವಾ."

ಎರಡನೇ ಬಸ್ಸಿಗೆ ಕಾಲಿಡಾಕ ಜಾಗ ಇಲ್ಲ. ದೊಡ್ಡ ಚೀಲಾ ಮ್ಯಾಲ ಹಾಕ್ರಿ ಅಂದ ಕಂಡಕ್ಟರ. ಚೀಲಾ ಬಸ್ಸಿನ ಮ್ಯಾಲ ಹೋತು. ಅದರ ಬೆನ್ನಿಗೆ ಮುರಿಗೆಪ್ಪನೂ ನಿಚ್ಚಣಿಕಿ ಏರಿದ. ತಾಯಿ ಒಳಗ, ಮಗ ಮ್ಯಾಲ. ಮುಂದಿನ ಊರಾಗ ಚಾದಂಗಡಿ ಮಂದಿ ಎದ್ದು ಕೈ ಮಾಡಿ ತೋರಿಸಿದಾಗ ಬಸ್ ನಿಂತು, ಚೀಲಾನೂ ಇಳೀತು, ಮಗನೂ ಇಳದ.

"ಸಾಯಾಕ ಬ್ಯಾರೆ ಬಸ್ ಸಿಗಲಿಲ್ಲೇನಲೇ?" ಅಂತ ಕಂಡಕ್ಟರ ಬೈದ. ಅವ ಬೈದದ್ದು ಕಡಿಮಿ ಆತು ಅಂತ ನಿಂಬೆವ್ವ ಉಳಿದದ್ದು ಬೈದ್ಲು.

"ಚೀಲಾ ತೊಡಿ ಮ್ಯಾಲ ಇಟ್ಕೊಂಡು ಸುಮ್ನ ಕೂಡು. ನಾ ಏಳು ಅನ್ನೂತನಾ ಕುಂಡಿ ಎತ್ತಬ್ಯಾಡ."

"ಹೂಂ ಯವ್ವಾ."

ಆ ಬಸ್ಸಿನ ದಗದ ಕೇಳಬ್ಯಾಡ್ರಿ. ಕಿಡಕಿ ಮುಚ್ಚೂದಿಲ್ಲ, ಧೂಳು ನಿಲ್ಲೂದಿಲ್ಲ. ಕೈ ಮಾಡಿದಲ್ಲೆಲ್ಲಾ ನಿಲ್ಲತೈತಿ. ಬಾಜೂದವನ ಬುಟ್ಟಿಯಾಗಿನ ಕೋಳಿ ನಿಂಬೆವ್ವನ ಮಣಕಾಲು ಕುಕ್ಕತೈತಿ. ಆಕಿಗೆ ಅದರ ಖಬರ ಇಲ್ಲ. ಈಗ ಹಡದ್ಲೋ, ಇನ್ನ ಹಡೀಬೇಕೋ, ಅದ ಒಂದ ಚಿಂತಿ.

ಗಡಿಗೆ ಬಂದು ಬಸ್ ನಿಂತೇಬಿಡ್ತು. ಗಡಿ ಗಲಾಟಿ ಎದ್ದಾಗ ಹಿಂಗ ಆಗೂದು; ಈ ಕಡೆ ಬಸ್ ಈ ಕಡೆ, ಆ ಕಡೆ ಬಸ್ ಆ ಕಡೆ, ನಡುವ ಮಂದಿ ಗಂಟು ಹೊತ್ಕೊಂಡು ನಡೀಬೇಕು. ಏನಾತು ಅಂತ ಕೇಳಾಕ ನಿಂಬೆವ್ವ ಮೊದಲ ಇಳದ್ಲು. ಎಲ್ಲಾರೂ ಇಳದ್ರು. ಮುರಿಗೆಪ್ಪ ಕುಂತ. ಇಳಿಯೋ ಅಂದ್ರು, ಇಳಿಯಪ್ಪಾ ಅಂದ್ರು, ಕೈ ಹಿಡದು ಜಗ್ಗಿದ್ರು. ಅವ ಕುಂತೇ ಕುಂತ. ಬಸ್ ತಿರಗಿ ಅಥಣಿ ಹಾದಿ ಹಿಡೀತು, ಮುರಿಗೆಪ್ಪನೂ ಕೌದಿಯೂ ಅದರಾಗ. ನಿಂಬೆವ್ವ ಸೆರಗು ಸಿಗಸಿ ಅಡ್ಡ ಓಡಿ ನಿಂತ್ಲು.

"ಏಳು, ನನ್ನ ಹೆಣ ಎತ್ತಾಕರ ಏಳು! ಅಷ್ಟು ಮಂದಿ ಹೇಳಿದ್ರಲ್ಲೋ, ಮಂದಿ ಹೇಳಿದ್ದು ಕೇಳಬೇಕು."

"ಹೂಂ ಯವ್ವಾ."

ನಡದು ನಡದು ಆಚೆ ಕಡೆ ಮುಟ್ಟಿದ್ರು. ಅಲ್ಲಿ ರಿಕ್ಷಾದವರು ನೊಣ ಮುಕರಿದಂಗ ಮುಕರಿದ್ರು. ಒಬ್ಬ ಚೀಲಾ ಇಲ್ಲಿ ಹಾಕು ಅಂದ, ಮುರಿಗೆಪ್ಪ ಹಾಕಿದ. ಇನ್ನೊಬ್ಬ ನೀ ಇಲ್ಲಿ ಕೂಡು ಅಂದ, ಮುರಿಗೆಪ್ಪ ಕುಂತ. ಚೀಲದ ರಿಕ್ಷಾ ಬುರ್ರ್ ಅಂತ ಹೊಂಟ್ತು. ನಿಂಬೆವ್ವ ಎದಿ ಬಡಕೊಂಡು ಮಗ ಕುಂತ ರಿಕ್ಷಾ ಹತ್ತಿ, ಅದರ ಬೆನ್ನು ಹತ್ತಿಸಿ, ಮುಂದಿಂದು ನಿಲ್ಲಿಸಿ ಚೀಲಾ ಇಸಕೊಂಡ್ಲು.

"ಕೇಳು," ಅಂದ್ಲು. ಬೈಯಾಕ ಉಸಿರಿರಲಿಲ್ಲ. "ಇದು ಕೂಸಿನ ಕೌದಿ. ಯಾರು ಬೇಡಿದ್ರೂ ಕೊಡಬ್ಯಾಡ. ಹೆಸರು ಕೇಳಿ, ಯಾರದೈತೋ ಅವರಿಗೇ ಕೊಡಬೇಕು."

"ಹೂಂ ಯವ್ವಾ."

ದವಾಖಾನಿ ಪಾವಟಿಗಿ ಏರೂದರಾಗ ನಿಂಬೆವ್ವನ ಕಾಲು ಸೋತ್ವು. "ನೀ ಮುಂದ ಓಡೋ" ಅಂತ ಮಗನ್ನ ಕಳಿಸಿದ್ಲು. ಒಂದು ಪಾವಟಿಗಿ ಏರ್ತಾಳ, ಕುಂದರ್ತಾಳ. ಅಷ್ಟರಾಗ ಮ್ಯಾಲಿಂದ ಕೂಸು ಅತ್ತದ್ದು ಕೇಳಿಸ್ತು. ಆಕಿಗೆ ಖುಷಿಯಿಂದ ಕಣ್ಣಾಗ ನೀರು ಬಂದ್ವು. ಕೌದಿ ಮುಟ್ಟೇತಿ ಅಂದ್ಕೊಂಡ್ಲು.

ಮ್ಯಾಲ ಬಂದು ನೋಡಿದ್ರ, ಮುರಿಗೆಪ್ಪ ಬಾಗಲದಾಗ ಚೀಲಾ ಅಪ್ಪಿಕೊಂಡು ಕುಂತಾನ. ನರ್ಸ್ ಬಾಯಿ ಒಂದು ತೆಳ್ಳನ ಬಟ್ಟಿ ತುಂಡಿನ್ಯಾಗ ಕೂಸಿನ್ನ ಹಿಡಕೊಂಡು ಕೆಂಪಗಾಗಿ ನಿಂತಾಳ.

"ಅಮ್ಮಾ, ಇವ ನಿಮ್ಮವನೇನ್ರಿ? ನಮ್ಮವ್ವನ ಕೌದಿನ ಆಗಬೇಕು ಅಂತ ನಿಮ್ಮ ಮಗಳು ಹಟಾ ಹಿಡದಾಳ. ಇವ ಕೊಡವೊಲ್ಲ. ಹೆಣ್ಣು ಕೂಸು ನೋಡಪ್ಪಾ ಅಂತ ತಂದು ತೋರಿಸಿದ್ರ, ಅದರ ಹೆಸರು ಕೇಳತಾನ. ಹೆಸರಿಡಾಕ ಇನ್ನ ಭಾಳ ದಿನ ಅದಾವ ಅಂದ್ರ, ಅಲ್ಲೀತನಾ ಕಾಯ್ತೀನಿ ಅಂತಾನ."

ನಿಂಬೆವ್ವ ಚೀಲಕ್ಕ ಕೈ ಹಾಕಿದ್ಲು. ಮಗ ಬಿಡಲಿಲ್ಲ. ಜಗ್ಗಿದ್ಲು, ಬಿಡಲಿಲ್ಲ. ಕೂಸು ಥಂಡಿಗೆ ಚೀರಾಕತ್ತು. ಕಡೀಕೆ ಆಕಿ ಬಾಯಿಂದ ತನ್ನ ಹಡದವ್ವನ ಹೆಸರ ಬಂತು.

"ನೀಲವ್ವ. ಇದರ ಹೆಸರು ನೀಲವ್ವ. ಕೊಡೋ ಇನ್ನರ."

ಮುರಿಗೆಪ್ಪ ತಟ್ಟನೆ ಚೀಲಾ ಬಿಚ್ಚಿದ. ಕೂಸು ಅಜ್ಜಿ ಸೀರಿಯಾಗ ಬೆಚ್ಚಗಾಗಿ ಸುಮ್ಮನಾತು. ನಿಂಬೆವ್ವನೂ ಒಂದು ಉಸಿರು ಬಿಟ್ಲು. ಬಿಟ್ಟ ಮ್ಯಾಲ ಆಕಿಗೆ ಎಚ್ಚರಾತು. ಕೂಸಿಗೆ ಹೆಸರಿಡೂದು ಸೋದರತ್ತಿ, ಅಂದ್ರ ಶಾವಂತ್ರಿ ಗಂಡನ ಅಕ್ಕನ ಹಕ್ಕು. ಆ ಸೋದರತ್ತಿ ಹೊರಗ ವರಾಂಡದ ಆ ತುದಿಗೆ ಬೆಂಚಿನ ಮ್ಯಾಲ ಕುಂತಾಳ. ಕೇಳಿದ್ಲಂದ್ರ ಬೀಗರ ಮನಿ ಬಾಗಲಾ ಮುಚ್ಚಿತು.

ಮಗನ ಕಿವಿಯಾಗ ಹೇಳಿದ್ಲು, "ನೀಲವ್ವ ಅಂತ ಹೆಸರಿಟ್ಟದ್ದು ಆ ಸೋದರತ್ತಿಗೆ ಮಾತ್ರ ಹೇಳಬ್ಯಾಡ ಯಪ್ಪಾ. ನಿನ್ನ ಕಾಲಿಗೆ ಬೀಳ್ತೀನಿ."

"ಹೂಂ ಯವ್ವಾ."

ಹೊರಗ ಬಂದ. ಸೋದರತ್ತಿ ಎದ್ದು ನಿಂತು ಕೇಳಿದ್ಲು, "ಏನ್ ಕೂಸ್ರೀ?"

"ಹೆಣ್ಣು ಕೂಸ್ರೀ," ಅಂದ ಮುರಿಗೆಪ್ಪ. "ಆದ್ರ ನೀಲವ್ವ ಅಂತ ಹೆಸರಿಟ್ಟದ್ದು ನಿಮಗೊಬ್ಬರಿಗೆ ಹೇಳಬಾರದಂತ್ರೀ."