ಯಾರ ಹಂಗೂ ಬೇಡವೆಂದ ಐಗಳು

“ಬುದ್ಧಿ, ಯಾರ ಹಂಗಿಗೂ ಬೀಳದೆ ವೈದ್ಯಳಾಗುವುದು ಹೇಗೆ?”

ಶಿವಗಂಗೆ ಹೀಗೆ ಕೇಳಿದಾಗ ಸ್ವಾಮಿಗಳು ಮಠದ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಅವಳು ಮಠದ ವಿದ್ಯಾರ್ಥಿನಿಲಯದಲ್ಲಿದ್ದು ವಿಜ್ಞಾನದ ಪದವಿ ಮುಗಿಸಿದವಳು. ಈಗ ವೈದ್ಯಕೀಯ ಓದಬೇಕೆಂದು ಮನಸ್ಸು ಮಾಡಿದ್ದಳು. ಅದಕ್ಕೆ ಮೊದಲು ನಗರದಲ್ಲಿ ಒಂದು ವರ್ಷ ನಿಂತು ಪ್ರವೇಶ ಪರೀಕ್ಷೆಗೆ ಓದಬೇಕು. ಓದಲು ಶುಲ್ಕ ಬೇಕು, ಇರಲು ಸೂರು ಬೇಕು. ನಗರದಲ್ಲಿದ್ದ ಚಿಕ್ಕಮ್ಮ ತನ್ನ ಮನೆಯ ಮಹಡಿಯ ಕೋಣೆ ಬಿಟ್ಟುಕೊಡುತ್ತೇನೆ ಎಂದಿದ್ದಳು. ನಿಲಯದ ಹಳೆಯ ವಿದ್ಯಾರ್ಥಿಗಳು ಸೇರಿ ಶುಲ್ಕ ಕಟ್ಟುತ್ತೇವೆ ಎಂದಿದ್ದರು. ಹಿಂದಿನ ವರ್ಷವೇ ಆ ಪರೀಕ್ಷೆ ಗೆದ್ದಿದ್ದ ಗೆಳತಿ ರೇಷ್ಮಾ ಭಾನುವಾರಗಳಂದು ಬಂದು ಭೌತಶಾಸ್ತ್ರ ಹೇಳಿಕೊಡುತ್ತೇನೆ ಎಂದಿದ್ದಳು. ಶಿವಗಂಗೆ ಎಲ್ಲರಿಗೂ ಬೇಡ ಎಂದಿದ್ದಳು. ಹಗಲು ಔಷಧದ ಅಂಗಡಿಯಲ್ಲಿ ದುಡಿದು, ಊರಾಚೆ ಒಂದು ಕೋಣೆ ಹಿಡಿದು, ತಾನೇ ಓದಿಕೊಂಡು ಗೆಲ್ಲುವುದೆಂದು ನಿಶ್ಚಯಿಸಿ ಆಶೀರ್ವಾದ ಪಡೆಯಲು ಬಂದಿದ್ದಳು.

“ಕೂತುಕೋ ತಾಯಿ” ಎಂದು ಸ್ವಾಮಿಗಳು ಅವರೆಕಾಯಿಯ ಮೊರವನ್ನು ಇಬ್ಬರ ನಡುವೆ ಸರಿಸಿದರು. “ಹಿಂದೆ ಒಬ್ಬರು ಐಗಳಿದ್ದರು. ಅವರ ಕತೆ ಹೇಳುತ್ತೇನೆ.”

ಊರ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುವುದು ಆ ಐಗಳ ಕೆಲಸ. ವಯಸ್ಸು ಚಿಕ್ಕದು, ಓದು ದೊಡ್ಡದು. ಊರಿನವರು ಸುಗ್ಗಿಯಲ್ಲಿ ಕಾಳು ಕೊಟ್ಟು ಅವರನ್ನು ಸಾಕುತ್ತಿದ್ದರು. ಒಂದು ವರ್ಷ ಊರಿಗೆ ಕೆಟ್ಟ ಜ್ವರ ಬಂತು. ಓದು ಬಲ್ಲವರು ಇವರೊಬ್ಬರೇ ಆದ್ದರಿಂದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಇವರ ಬಾಗಿಲಿಗೇ ಬಂದರು. ಐಗಳಿಗೆ ವ್ಯಾಕರಣ ಗೊತ್ತಿತ್ತು, ಕಾವ್ಯ ಗೊತ್ತಿತ್ತು, ಜ್ವರಕ್ಕೆ ಮದ್ದು ಗೊತ್ತಿರಲಿಲ್ಲ. ಅವರ ಮುಂದೆ ಕುಳಿತು ಅಕ್ಷರ ತಿದ್ದಿದ್ದ ಮಕ್ಕಳಲ್ಲಿ ಕೆಲವರು ಮತ್ತೆ ಏಳಲಿಲ್ಲ.

ಸುಗ್ಗಿ ಬಂತು. ಮಗುವನ್ನು ಕಳೆದುಕೊಂಡಿದ್ದ ಒಬ್ಬ ತಾಯಿ ಎಂದಿನಂತೆ ಕಾಳು ತಂದು ಐಗಳ ಅಂಗಳದಲ್ಲಿ ಸುರಿದಳು. “ಇದ್ದಷ್ಟು ದಿನ ಕಲಿಸಿದಿರಲ್ಲ” ಎಂದು ಹೇಳಿ ಹೊರಟುಹೋದಳು. ಆ ಕಾಳು ಐಗಳ ಗಂಟಲಲ್ಲಿ ಇಳಿಯಲಿಲ್ಲ. ವೈದ್ಯವಿದ್ಯೆ ಕಲಿಯಬೇಕೆಂದು ಆಗಲೇ ತೀರ್ಮಾನಿಸಿದರು. ಇನ್ನು ಮೇಲೆ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳಬಾರದೆಂದೂ ತೀರ್ಮಾನಿಸಿದರು. ಎರಡೂ ಒಂದೇ ತೀರ್ಮಾನವೆಂದು ಅವರಿಗೆ ತೋರಿತು.

ಪೇಟೆಯಲ್ಲಿ ಹೆಸರಾಂತ ಪಂಡಿತರೊಬ್ಬರು ವೈದ್ಯ ಕಲಿಸುತ್ತಿದ್ದರು. ಬಂದವರನ್ನೆಲ್ಲ ಅವರು ಶಿಷ್ಯರಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. “ಮೊದಲು ಒಂದು ವರ್ಷ ಪೇಟೆಯಲ್ಲಿದ್ದು ಮೂಲ ಶ್ಲೋಕಗಳನ್ನು ಕಲಿತುಕೊಳ್ಳಿ, ಗಿಡಮೂಲಿಕೆಗಳನ್ನು ಗುರುತಿಸಲು ಕಲಿಯಿರಿ. ಊಟಕ್ಕೂ ವಸತಿಗೂ ದಾರಿ ಮಾಡಿಕೊಳ್ಳಿ. ಮುಂದಿನ ಓದು ಬಹಳ ವರ್ಷಗಳದ್ದು. ಅರ್ಧ ಕಲಿತು ಎದ್ದುಹೋದವರಿಂದ ರೋಗಿಗಳಿಗೆ ಅಪಾಯ. ವರ್ಷ ಕಳೆದ ಮೇಲೆ ಬನ್ನಿ, ಪರೀಕ್ಷಿಸುತ್ತೇನೆ” ಎಂದರು.

ಐಗಳು ನೇಕಾರರ ಬೀದಿಯಲ್ಲಿ ಮನೆ ಹುಡುಕಿದರು. ಅಲ್ಲಿ ಕೆಂಚಮ್ಮ ಎಂಬ ವಿಧವೆ ಒಂದು ಮಗ್ಗ ನಡೆಸಿಕೊಂಡು ಬದುಕುತ್ತಿದ್ದಳು. ಅವಳು ತನ್ನ ಮನೆಯ ಮುಂದಿನ ಕೋಣೆ ತೋರಿಸಿದಳು. ಕೋಣೆಯಲ್ಲಿ ತೇವವಿರಲಿಲ್ಲ, ಬೆಳಕಿತ್ತು. ಬಾಡಿಗೆ ಎಷ್ಟೆಂದು ಐಗಳು ಕೇಳಿದರು.

“ಬಾಡಿಗೆ ಯಾಕೆ? ಖಾಲಿ ಬಿದ್ದಿರುವ ಕೋಣೆ. ಓದುವವರ ದನಿ ಮನೆಯಲ್ಲಿ ಕೇಳಿದರೆ ನನಗೆ ಅಷ್ಟೇ ಸಾಕು” ಎಂದಳು ಕೆಂಚಮ್ಮ.

ಐಗಳು ಕೈಮುಗಿದು ಹೊರಟರು. ಅವಳ ಮನೆಗೆ ಒತ್ತಿಕೊಂಡೇ ಹಿಂದೆ ಹತ್ತಿ ತುಂಬಿಡುತ್ತಿದ್ದ ಒಂದು ಹಳೆಯ ಕೋಠಿ ಇತ್ತು. ಮಾಡು ಸೋರುತ್ತಿತ್ತು, ಕಿಟಕಿಯಿರಲಿಲ್ಲ. ಅದರ ಒಡೆಯ ಬಾಡಿಗೆ ಕೇಳಿದ. ಐಗಳು ಸಂತೋಷದಿಂದ ಕೊಟ್ಟು ಅಲ್ಲಿ ಉಳಿದುಕೊಂಡರು.

ಹೊಟ್ಟೆಪಾಡಿಗೆ ನೇಕಾರರ ಮನೆಗಳಲ್ಲಿ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವ ಕೆಲಸ ಹಿಡಿದರು. ನೂಲು ಸುತ್ತುತ್ತ ಶ್ಲೋಕ ಹೇಳಿಕೊಳ್ಳುತ್ತಿದ್ದರು. ಎಲ್ಲಾದರೂ ಮರೆತು ನಿಂತರೆ ಮಗ್ಗದ ಮುಂದಿನವರೂ ಲಾಳಿ ನಿಲ್ಲಿಸಿ, ಮುಂದಿನ ಸಾಲು ಬರುವವರೆಗೆ ಕಾಯುತ್ತಿದ್ದರು. ಬೀದಿಗೆ ಐಗಳೆಂದರೆ ಅಕ್ಕರೆ. ಐಗಳಿಗೆ ಅದು ಕಾಣಲಿಲ್ಲ.

ಕೆಂಚಮ್ಮ ಒಂದು ದಿನ ರೊಟ್ಟಿ ಪಲ್ಯ ತಂದು ಕೋಠಿಯ ಹೊಸ್ತಿಲಲ್ಲಿ ಇಟ್ಟಳು. ಐಗಳು ತಿಂದರು. ಮರುದಿನ ಅವಳ ಹಿತ್ತಿಲಲ್ಲಿ ಒಂದು ಹೊರೆ ಸೌದೆ ಇಳಿಸಿದರು. ಅವಳು ಮಜ್ಜಿಗೆ ಕೊಟ್ಟರೆ ಅಂಗಡಿಯಿಂದ ಬೆಲ್ಲ ತಂದುಕೊಟ್ಟರು. ಕೆಂಚಮ್ಮ ನಗುತ್ತ, “ಐಗಳೇ, ನಿಮ್ಮ ಜೊತೆ ನೆರೆಹೊರೆ ಮಾಡುವುದೆಂದರೆ ಸಂತೆ ಮಾಡಿದ ಹಾಗಾಯಿತಲ್ಲ” ಎಂದಳು. ಐಗಳು ನಗಲಿಲ್ಲ. ಆಮೇಲೆ ಅವಳು ಏನನ್ನೂ ತರಲಿಲ್ಲ.

ಅದೇ ಪರೀಕ್ಷೆಗೆ ಗಾಣಿಗರ ನಂಜುಂಡ ಎಂಬವನೂ ಓದುತ್ತಿದ್ದ. ಅವನಿಗೆ ಕಾಡಿನ ಗಿಡವೆಲ್ಲ ಗೊತ್ತು, ಶ್ಲೋಕ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. “ನೀವು ನನಗೆ ಶ್ಲೋಕ ಬಿಡಿಸಿ ಹೇಳಿ, ನಾನು ನಿಮ್ಮನ್ನು ಗುಡ್ಡಕ್ಕೆ ಕರೆದುಕೊಂಡು ಹೋಗಿ ಗಿಡ ತೋರಿಸುತ್ತೇನೆ” ಎಂದು ಅವನು ಕೇಳಿದ. ಐಗಳು ಅವನಿಗೆ ಶ್ಲೋಕ ಹೇಳಿಕೊಟ್ಟರು. ಗಿಡ ತೋರಿಸುವುದು ಬೇಡವೆಂದರು. ಗುಡ್ಡಕ್ಕೆ ಒಬ್ಬರೇ ಹೋಗಿ ತುರಚಿ ಗಿಡಕ್ಕೆ ಕೈಯಿಕ್ಕಿ, ಕೈಯೆಲ್ಲ ದದ್ದು ಎಬ್ಬಿಸಿಕೊಂಡು ಬಂದರು. ಹಲವು ದಿನ ನೂಲು ಸುತ್ತಲಾಗಲಿಲ್ಲ. ಒಪ್ಪೊತ್ತು ಉಂಡು ಕಳೆದರು. ಹಚ್ಚಿಕೊಳ್ಳಲೆಂದು ನಂಜುಂಡ ಎಣ್ಣೆ ತಂದ. ಬಾಗಿಲಲ್ಲೇ ಅವನನ್ನು ಹಿಂದಕ್ಕೆ ಕಳಿಸಿದರು.

ಮಳೆಗಾಲ ಬಂತು. ಮಾಡು ಸೋರಿ ನೆಲ ಒದ್ದೆಯಾಯಿತು. ಐಗಳು ಒದ್ದೆ ನೆಲದಲ್ಲೇ ಮಲಗಿ ಓದಿದರು. ಪರೀಕ್ಷೆ ಹತ್ತಿರವಾಗಿತ್ತು. ಮೊದಲು ಕೆಮ್ಮು ಬಂತು, ಆಮೇಲೆ ಚಳಿಜ್ವರ. ಗೋಡೆಯ ಆಚೆಗೇ ಕೆಂಚಮ್ಮನ ಮಗ್ಗ ಸದ್ದು ಮಾಡುತ್ತಿತ್ತು. ಒಂದು ಸಲ ಕೂಗಿದ್ದರೆ ಅವಳಿಗೆ ಕೇಳುತ್ತಿತ್ತು. ಐಗಳು ಕೂಗಲಿಲ್ಲ.

ಬೆಳಗ್ಗೆ ಎದ್ದ ಕೆಂಚಮ್ಮನಿಗೆ ಶ್ಲೋಕದ ದನಿ ಕೇಳಿಸಲಿಲ್ಲ. ಸ್ವಲ್ಪ ಹೊತ್ತು ಕಾದಳು. ಹೋಗಿ ಬಾಗಿಲು ತಟ್ಟಿದಳು. ಅಗುಳಿ ಹಾಕಿತ್ತು, ಉತ್ತರವಿರಲಿಲ್ಲ. ಅವಳು ಬೀದಿಗೆಲ್ಲ ಕೇಳುವಂತೆ ಕೂಗಿದಳು. ನೇಕಾರರು ಮಗ್ಗ ಬಿಟ್ಟು ಓಡಿಬಂದರು. ಒಬ್ಬ ಮಾಡಿನ ಮೇಲೆ ಹತ್ತಿ, ಹೆಂಚು ಸರಿಸಿ, ಒಳಗಿಳಿದು ಬಾಗಿಲು ತೆಗೆದ.

ಐಗಳು ಕಣ್ಣು ಬಿಟ್ಟು ಅಷ್ಟು ಜನರನ್ನು ನೋಡಿದರು. “ಬೇಡ, ನಾನೇ ಏಳುತ್ತೇನೆ” ಎಂದರು.

“ಎದ್ದ ಮೇಲೆ ಬೇಡ ಎನ್ನಿರಂತೆ” ಎಂದಳು ಕೆಂಚಮ್ಮ.

ಅವರನ್ನು ಕಂಬಳಿಯಲ್ಲಿ ಎತ್ತಿಕೊಂಡು ಹೋಗಿ ಅವಳ ಮನೆಯ ಮುಂದಿನ ಕೋಣೆಯಲ್ಲಿ ಮಲಗಿಸಿದರು. ನಂಜುಂಡ ತಾನು ಬಲ್ಲ ಬೇರು ತಂದು ಕಷಾಯ ಕಾಸಿದ. ಜ್ವರ ಸುಲಭಕ್ಕೆ ಬಿಡಲಿಲ್ಲ. ಐಗಳಿಗೆ ಎದ್ದು ಹೊರಗೆ ಹೋಗುವ ಶಕ್ತಿಯೂ ಇರಲಿಲ್ಲ. ಹಾಸಿಗೆಯಲ್ಲೇ ಎಲ್ಲ ಆಯಿತು. ಅವರ ಕೊಳೆಬಟ್ಟೆ ಬೇರೆಯವರು ಬದಲಾಯಿಸಿದರು. ಆ ನಾಚಿಕೆ ಅವರಿಗೆ ಜ್ವರಕ್ಕಿಂತ ಹೆಚ್ಚಿನ ಸಂಕಟವಾಯಿತು. ಗೋಡೆಯ ಕಡೆ ತಿರುಗಿ ಅತ್ತರು.

ಮಲಗಿದ್ದಲ್ಲಿಂದ ಅವರು ಎಲ್ಲವನ್ನೂ ಕಂಡರು. ನೋಡಲು ಬಂದ ಕೆಲವರು ಹಾಸಿಗೆಯ ಪಕ್ಕ ನಿಂತು, ಅವರು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ, “ಇವರು ಉಳಿಯುತ್ತಾರೋ?” ಎಂದು ತಮ್ಮತಮ್ಮಲ್ಲೇ ಮಾತಾಡಿದರು. ಅದು ಮೈಗೆ ಮುಳ್ಳಿನಂತೆ ಚುಚ್ಚಿತು. ನಂಜುಂಡ ಬಟ್ಟೆ ಬದಲಾಯಿಸುವಾಗ ಬೇರೆ ಯಾವುದೋ ಮಾತು ತೆಗೆಯುತ್ತಿದ್ದ, ಎಣ್ಣೆಯ ಗಾಣಕ್ಕೆ ಕಟ್ಟುವ ತನ್ನ ಮೊಂಡ ಎತ್ತಿನ ಮಾತು. ಕೆಂಚಮ್ಮ ಆಗ ಬೇಕೆಂದೇ ಒಲೆಯ ಕಡೆ ಹೋಗುತ್ತಿದ್ದಳು. ಗಂಜಿ ಕುಡಿಸುವಾಗ ಬಟ್ಟಲನ್ನು ಅವರ ಬಾಯಿಗೆ ಹಿಡಿಯುತ್ತಿರಲಿಲ್ಲ. ಅವರ ನಡುಗುವ ಕೈಗೇ ಕೊಟ್ಟು, ಕೆಳಗಿನಿಂದ ತನ್ನ ಒಂದು ಬೆರಳನ್ನಷ್ಟೇ ಆನಿಸುತ್ತಿದ್ದಳು. ಚೆಲ್ಲಿದರೆ ಚೆಲ್ಲಲಿಲ್ಲವೆಂಬಂತೆ ಒರೆಸುತ್ತಿದ್ದಳು.

ಒಂದು ದಿನ ಗಂಜಿ ಕುಡಿದು ಮುಗಿಸಿದ ಐಗಳು ಕೇಳಿದರು: “ಅವ್ವಾ, ಇದನ್ನೆಲ್ಲ ನಾನು ಹೇಗೆ ತೀರಿಸಲಿ?”

ಅವರು ಅವಳನ್ನು ಅವ್ವಾ ಎಂದದ್ದು ಅದೇ ಮೊದಲು. ಕೆಂಚಮ್ಮ ಬಟ್ಟಲು ತೆಗೆದುಕೊಂಡಳು. “ಇನ್ನೊಂದು ಸೌಟು ಹಾಕಲೇ?” ಎಂದು ಕೇಳಿದಳು.

ಪರೀಕ್ಷೆಯ ದಿನ ಐಗಳು ನಂಜುಂಡನ ಹೆಗಲು ಹಿಡಿದುಕೊಂಡು ಪಂಡಿತರ ಮನೆಗೆ ಹೋದರು. ಶ್ಲೋಕಗಳನ್ನು ತಡವರಿಸುತ್ತ ಹೇಳಿದರು. ಗಿಡಗಳ ಸರದಿ ಬಂದಾಗ ಅರ್ಧದಷ್ಟನ್ನೂ ಗುರುತಿಸಲಾಗಲಿಲ್ಲ. ಪಂಡಿತರು ನಂಜುಂಡನನ್ನು ಶಿಷ್ಯನಾಗಿ ಸೇರಿಸಿಕೊಂಡರು. ಐಗಳಿಗೆ, “ಇನ್ನೊಂದು ವರ್ಷ ಓದಿ ಬನ್ನಿ” ಎಂದರು.

ಐಗಳು ಹಿಂತಿರುಗಿದರು. ಹತ್ತಿ ಕೋಠಿಗೆ ಬೇರೆಯವರು ಬಂದಿದ್ದರು. ಕೈಯಲ್ಲಿ ದುಡ್ಡಿರಲಿಲ್ಲ, ನೂಲು ಸುತ್ತಲು ತೋಳಿನಲ್ಲಿ ಕಸುವಿರಲಿಲ್ಲ. ಊರಿಗೆ ಮರಳಬಹುದಿತ್ತು. ಅಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿಸಿಕೊಂಡು ಇದ್ದುಬಿಡಬಹುದಿತ್ತು. ಅವರು ಕೆಂಚಮ್ಮನ ಹೊಸ್ತಿಲ ಹೊರಗೆ ಬಹಳ ಹೊತ್ತು ನಿಂತರು. ಯಾರನ್ನೂ ಏನನ್ನೂ ಕೇಳಿ ಗೊತ್ತಿರದ ಮನುಷ್ಯ. ತಾವು ಬಾಯಿಪಾಠ ಮಾಡಿದ ಯಾವ ಶ್ಲೋಕವೂ ಇಷ್ಟು ಕಷ್ಟವಾಗಿರಲಿಲ್ಲ ಎನ್ನಿಸಿತು.

“ಅವ್ವಾ, ನಾನು ಗೆಲ್ಲಲಿಲ್ಲ” ಎಂದರು. “ಇನ್ನೊಂದು ವರ್ಷ ಈ ಮನೆಯಲ್ಲಿ ಇರಲೇ? ಕೊಡುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.”

ಮಗ್ಗದಲ್ಲಿದ್ದ ಕೆಂಚಮ್ಮನ ಲಾಳಿ ನಿಂತಿತು. ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. ಆಮೇಲೆ ಗದರಿಸುವ ದನಿಯಲ್ಲಿ, “ಹೊಸ್ತಿಲಲ್ಲಿ ನಿಂತು ಯಾಕೆ ಕೇಳುತ್ತೀರಿ? ಕೈಕಾಲು ತೊಳೆದು ಒಳಗೆ ಬನ್ನಿ, ರೊಟ್ಟಿ ಆರಿಹೋಗುತ್ತಿದೆ” ಎಂದಳು.

ಆ ವರ್ಷ ಐಗಳು ಅವಳ ಮನೆಯ ಅನ್ನ ಉಂಡು ಓದಿದರು. ನಂಜುಂಡ ಬಿಡುವಾದಾಗಲೆಲ್ಲ ಬಂದು ಅವರನ್ನು ಗುಡ್ಡಕ್ಕೆ ಕರೆದೊಯ್ದ. ಬೀದಿಯವರು ತಮ್ಮ ಮನೆಯಲ್ಲಿ ಹಬ್ಬವಾದರೆ ಹೋಳಿಗೆ ತಂದುಕೊಟ್ಟರು. ಐಗಳು ತಿಂದು, “ಬೆಲ್ಲ ಸ್ವಲ್ಪ ಕಡಿಮೆಯಾಗಿದೆ” ಎಂದು ಹೇಳುವಷ್ಟು ಸಲಿಗೆ ಕಲಿತರು. ಎರಡನೆಯ ಸಲ ಪಂಡಿತರು ಅವರನ್ನು ಸೇರಿಸಿಕೊಂಡರು. ಮುಂದೆ ಬಹಳ ವರ್ಷಗಳ ಓದು ನಡೆಯಿತು. ಅಷ್ಟು ಕಾಲವೂ ಆ ಕೋಣೆ ಅವರದೇ ಆಗಿತ್ತು.

ಅವರು ದೊಡ್ಡ ವೈದ್ಯರಾದರು. ಬೇರೆ ವೈದ್ಯರ ಮುಂದೆ ಬಾಯಿ ಬಿಡಲು ನಾಚುತ್ತಿದ್ದ ರೋಗಿಗಳು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಐಗಳಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಯಾವ ರೋಗಿಯ ಮನೆಗೆ ಹೋದರೂ ಮೊದಲು ಅಲ್ಲಿ ಏನನ್ನಾದರೂ ಕೇಳಿ ತೆಗೆದುಕೊಳ್ಳುತ್ತಿದ್ದರು. ಇದ್ದವರ ಮನೆಯಲ್ಲಿ ಒಂದು ಲೋಟ ಹಾಲು, ಇಲ್ಲದವರ ಮನೆಯಲ್ಲಿ ಒಂದು ಹಿಡಿ ಪುರಿ, ಅದೂ ಇಲ್ಲದಿದ್ದರೆ ನೀರು. ಅದನ್ನು ನಿಧಾನವಾಗಿ ಮುಗಿಸಿ, “ಹೊಟ್ಟೆ ತಣ್ಣಗಾಯಿತು” ಎಂದು ಹೇಳಿ, ಆಮೇಲೆ ನಾಡಿ ನೋಡಲು ಕೈ ಚಾಚುತ್ತಿದ್ದರು.

ಸ್ವಾಮಿಗಳು ಕತೆ ನಿಲ್ಲಿಸಿದರು. ಶಿವಗಂಗೆ ಕೈಯಲ್ಲಿದ್ದ ಅವರೆಕಾಯಿಯನ್ನು ಸುಲಿಯದೆ ಹಿಡಿದುಕೊಂಡೇ ಇದ್ದಳು.

“ಬುದ್ಧಿ, ಅಷ್ಟು ದೊಡ್ಡ ವೈದ್ಯರಿಗೆ ಆ ಬಡವರ ಮನೆಯ ನೀರು ಯಾಕೆ ಬೇಕಿತ್ತು?” ಎಂದು ಕೇಳಿದಳು.

ಸ್ವಾಮಿಗಳು ಅವಳ ಮುಖವನ್ನು ನೋಡಿ ನಕ್ಕರು.

“ತೆಗೆದುಕೊಳ್ಳಲು ಬಾರದವರ ಕೈಯಿಂದ ಔಷಧ ತೆಗೆದುಕೊಳ್ಳುವುದು ರೋಗಿಗೆ ಎಷ್ಟು ಕಷ್ಟ, ತಾಯಿ?”

ಶಿವಗಂಗೆ ಕೈಯಲ್ಲಿದ್ದ ಅವರೆಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು.