ಉಪವಾಸದ ಓಟ

ತೋಳಗಳೊಂದಿಗೆ ಫುಟ್‌ಬಾಲ್ ಪಂದ್ಯ ನಿಗದಿಯಾಗಿತ್ತು. ಸೋತವರು ಹೊಳೆದಂಡೆಯ ಹುಲ್ಲುಗಾವಲನ್ನು ಬಿಟ್ಟುಕೊಡಬೇಕಿತ್ತು. ಜಿಂಕೆಗಳ ತಂಡದ ಮುಂಚೂಣಿಯಲ್ಲಿ ಆಡಬೇಕಿದ್ದ ಹರೆಯದ ಜಿಂಕೆ ಎರಡು ದಿನಗಳಿಂದ ಮೇವು ಮುಟ್ಟದೆ ಓಟದ ಅಭ್ಯಾಸ ಮಾಡುತ್ತಿತ್ತು.

ತರಬೇತಿ ನೀಡುತ್ತಿದ್ದ ಮುದಿ ಕುದುರೆ ನೆನೆಸಿದ ಹುರುಳಿಯನ್ನು ಅದರ ಮುಂದಿಟ್ಟು, "ತಿನ್ನು ಮಗಳೇ," ಎಂದಿತು.

"ಬೇಡ ಗುರುಗಳೇ. ನಮ್ಮ ಮುತ್ತಜ್ಜಿ ಬರೀ ಗಾಳಿ ಕುಡಿದು ಚಿರತೆಯನ್ನೇ ಹಿಂದಿಕ್ಕಿದಳಂತೆ. ಹೊಟ್ಟೆ ತುಂಬಿದವರಿಗೆ ವೇಗವೆಲ್ಲಿ? ನಿಮ್ಮನ್ನೇ ನೋಡಿಕೊಳ್ಳಿ!"

"ಅವಳು ಓಡಿದ್ದನ್ನು ಕಾಡೆಲ್ಲ ಕಂಡಿತು. ಅದಕ್ಕೆ ಮುನ್ನ ಮೇಯ್ದದ್ದನ್ನು ಕಂಡವರು ಯಾರು?"

ಜಿಂಕೆ ಹುರುಳಿಯನ್ನು ಮುಟ್ಟದೆ ಪಂದ್ಯಕ್ಕಿಳಿಯಿತು. ಮೊದಲರ್ಧದಲ್ಲಿ ಮೂರು ತೋಳಗಳನ್ನು ದಾಟಿ ಗೋಲು ಹೊಡೆಯಿತು. ದ್ವಿತೀಯಾರ್ಧದಲ್ಲಿ ಚೆಂಡಿನ ಹಿಂದೆ ಓಡುತ್ತಿರುವಾಗಲೇ ಕುಸಿದು ಬಿದ್ದಿತು. ಆಮೇಲೆ ತೋಳಗಳು ಎರಡು ಗೋಲು ಹೊಡೆದು ಗೆದ್ದವು.

ಹುಲ್ಲುಗಾವಲನ್ನು ತೊರೆದು ಹೊರಟಾಗ ಹಿಂಡಿನ ಹಿರಿಯ ಜಿಂಕೆ ಸಮಾಧಾನ ಹೇಳಿತು: "ಹಸಿದ ಹೊಟ್ಟೆಯಲ್ಲೇ ಮೂರು ತೋಳಗಳನ್ನು ದಾಟಿದೆಯಲ್ಲ! ಇದನ್ನು ಮರಿಗಳಿಗೆಲ್ಲ ಹೇಳುತ್ತೇನೆ."

ಜಿಂಕೆ ತಲೆ ತಗ್ಗಿಸಿತು. "ಹೇಳುವುದಾದರೆ ಅಜ್ಜಿ, ನಾನು ಬಿದ್ದಲ್ಲಿಂದ ಆರಂಭಿಸಿ."